ಜಗಲಿಯಲ್ಲಿ ಕೂತ ಮೇಡಂ

ಮೇಡಂ ಮುಖವನ್ನು ನಾನು ಮೊದಲ ವರ್ಷವೆಲ್ಲ ಪೂರ್ತಿಯಾಗಿ ನೋಡಿದ್ದೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಕಾಣುತ್ತಿದ್ದದ್ದು ಎಣ್ಣೆ ಹಚ್ಚಿ ಬಿಗಿಯಾಗಿ ತೆಗೆದ ಬೈತಲೆ, ಅಗಲ ಹಣೆ, ಸಿಟ್ಟು ಬಂದಾಗ ಮೇಲೇರುವ ಎಡಹುಬ್ಬು, ಇಷ್ಟೇ. ಕ್ಯಾಮೆರಾ ಸರಿಯಾಗಿ ಇಟ್ಟುಕೊಳ್ಳಲು ಅವರಿಗೆ ಬರುತ್ತಿರಲಿಲ್ಲ. ಹೇಳುವ ಧೈರ್ಯ ಮನೆಯಿಂದ ಕೆಲಸ ಮಾಡುವ ನಮಗ್ಯಾರಿಗೂ ಇರಲಿಲ್ಲ.

ಕೊಯಮತ್ತೂರಿನಲ್ಲಿ ನೀರಿನ ಪಂಪು ಮಾಡುವ ಕಂಪನಿಯಲ್ಲಿ ಅವರು ನಮ್ಮ ಮೇಲಧಿಕಾರಿ. ಪಂಪು ಕೆಟ್ಟರೆ ಗಡಿಯಾಚೆಯ ರೈತರು ಕನ್ನಡದಲ್ಲಿ ಫೋನ್ ಮಾಡುತ್ತಾರೆ. ಅವರ ಗೋಳನ್ನು ತಮಿಳು ಮೆಕ್ಯಾನಿಕ್ಕಿಗೆ ದಾಟಿಸುವುದು ನನ್ನ ಕೆಲಸ. ದಿಂಬಂ ಘಾಟಿಯ ಮೇಲಿರುವ ಪಣಕಹಳ್ಳಿಯ ನಮ್ಮ ಜಗಲಿಯಲ್ಲೇ ಕೂತು ಮಾಡುತ್ತಿದ್ದೆ. ನಮ್ಮ ಮನೆತನದಲ್ಲಿ ಕೂಲಿಗೆ ಹೋಗದೆ ಸಂಬಳ ತಂದವಳು ನಾನೇ ಮೊದಲು.

ಮೇಡಂ ಸತ್ಯಮಂಗಲದವರು, ಮನೆಮಾತು ಕನ್ನಡ. “ಮನೇಲಿ ಕೂತು ಕೆಲಸ ಮಾಡ್ತೀನಿ ಅನ್ನೋದು, ಮಲಗಿಕೊಂಡೇ ಓಡ್ತೀನಿ ಅಂದ ಹಾಗೆ” ಎನ್ನುತ್ತಿದ್ದರು. ನನ್ನ ಅತ್ತೆಗೆ ಇದೆಲ್ಲ ಯಾವ ಲೆಕ್ಕ? ಕೂಲಿಗೆ ಹೊರಡುವಾಗ ಪರದೆಗೆ ಇಣುಕಿ, “ಇಟ್ಟು ಉಂಡ್ರಾ ಅವ್ವಾ?” ಎಂದು ಊಟ ವಿಚಾರಿಸುವಳು. ಎದುರಿಗೆ ಕಂಡವರನ್ನು ಕೇಳದೆ ಹೋಗುವುದುಂಟೆ? ಮೊದಮೊದಲು ಹುಬ್ಬು ಮೇಲೇರುತ್ತಿತ್ತು. ಬರಬರುತ್ತಾ, “ಆಯ್ತಮ್ಮ, ಇವತ್ತು ಇಡ್ಲಿ” ಎಂಬ ಉತ್ತರ ಬರತೊಡಗಿತು.

ನನ್ನ ಮಗಳು ಅಂಬೆಗಾಲಿಡುತ್ತಿದ್ದಾಗ ಮಾಲೀಕರ ಅಪ್ಪಣೆಯಾಯಿತು: ಎಲ್ಲರೂ ಆಫೀಸಿಗೆ ಬರಬೇಕು, ಇಲ್ಲವೇ ಕೆಲಸ ಬಿಡಬೇಕು. ಹೋದರೆ ಮೊಲೆ ಕುಡಿಯುವ ಕೂಸನ್ನು ಬಿಟ್ಟು ಹಾಸ್ಟೆಲಿನಲ್ಲಿರಬೇಕು. ಹೋಗದಿದ್ದರೆ ಮತ್ತೆ ಕೂಲಿ. ಮೇಡಂಗೆ ಫೋನ್ ಮಾಡಿ ಅತ್ತುಬಿಟ್ಟೆ. “ಅಳು ನಿಲ್ಲಿಸು. ಅಲ್ಲಿ ಏನು ಮಾಡ್ತೀಯೋ ನಾನೇ ಬಂದು ನೋಡ್ತೀನಿ” ಎಂದರು.

ಬಂದೇಬಿಟ್ಟರು. ದಿಂಬಂ ಘಾಟಿಯ ತಿರುವುಗಳನ್ನು ದಾಟಿ ಬಸ್ಸಿಳಿದಾಗ ಮುಖ ಬಿಳಿಚಿತ್ತು. ನಾನು ಅಂದುಕೊಂಡದ್ದಕ್ಕಿಂತ ತೀರಾ ಕುಳ್ಳಗಿದ್ದರು. ಸಂಜೆಯ ಬಸ್ಸು ತಪ್ಪಿ ನಮ್ಮಲ್ಲೇ ಉಳಿದರು. ಬೆಳಿಗ್ಗೆ ಘಾಟಿಯಲ್ಲಿ ಲಾರಿಯೊಂದು ಸಿಕ್ಕಿಕೊಂಡು ಬಸ್ಸೇ ಬರಲಿಲ್ಲ.

ಕರೆಗಳು ಕಾಯುತ್ತವೆಯೇ? ನನ್ನ ಪಕ್ಕ ಜಗಲಿಯಲ್ಲಿ ಕಾಲು ಮಡಚಿ ಕೂತು ಮೇಡಂ ಕೆಲಸಕ್ಕಿಳಿದರು. ಕೂಸು ಅವರ ಸೆರಗು ಚೀಪುತ್ತಿತ್ತು. ಒಬ್ಬ ರೈತ ವಾಚಾಮಗೋಚರ ಬೈದ. “ಬೈದಾಯ್ತಾ ಅಣ್ಣ? ಈಗ ಮೋಟ್ರು ಹೆಂಗೆ ಸದ್ದು ಮಾಡ್ತದೆ, ಅದನ್ನ ಹೇಳಿ” ಎಂದರು. ಆತ ನಕ್ಕದ್ದು ನನಗೂ ಕೇಳಿಸಿತು.

ಮಧ್ಯಾಹ್ನ ಮಾಲೀಕರ ಫೋನು. “ಎಲ್ಲಿದ್ದೀರಿ?”

“ಕೆಲಸದಲ್ಲಿದ್ದೀನಿ ಸಾರ್, ಬೆಳಿಗ್ಗೆಯಿಂದ ಎದ್ದೇ ಇಲ್ಲ.”

“ಸೀಟಲ್ಲಿ ಇಲ್ವಲ್ಲ. ಇವತ್ತು ರಜೆ ಅಂತ ಹಾಕ್ಕೊಳ್ಳಿ.”

ಮೇಡಂ ಫೋನ್ ಕೆಳಗಿಟ್ಟರು. “ಎಲ್ಲಿದ್ದೀರಿ ಅಂತ ಕೇಳಿದ್ರು. ಏನು ಮಾಡಿದ್ರಿ ಅಂತ ಕೇಳಲೇ ಇಲ್ಲ ನೋಡು. ನಾನೂ ನಿಮ್ಮನ್ನ ಹಿಂಗೇ ಕೇಳ್ತಿದ್ದೆ” ಎಂದರು. ಅಂದು ಕೂಲಿ ಬಿಟ್ಟು ಮನೆಯಲ್ಲೇ ಇದ್ದ ಅತ್ತೆ ತಟ್ಟೆ ತಂದಿಟ್ಟು, “ಗೇದೋರು ಉಣ್ಬೇಕು ಕಣವ್ವಾ, ಕೈ ತೊಳ್ಕಳಿ ಮೊದ್ಲು” ಎಂದಳು.

ಮೇಡಂ ವಾಪಸ್ ಹೋಗಿ ಮಾಲೀಕರೊಡನೆ ದೊಡ್ಡ ಜಗಳವೇ ಆಡಿದರಂತೆ. “ಇವರ ಕೆಲಸ ಕೆಟ್ಟರೆ ನನ್ನನ್ನ ಮನೆಗೆ ಕಳಿಸಿ” ಎಂದರಂತೆ. ಕೊನೆಗೆ ನಮ್ಮನ್ನು ಮನೆಯಲ್ಲೇ ಬಿಟ್ಟರು. ಮೇಡಂ ಮಾತ್ರ ನಮ್ಮ ಹೊಣೆ ಹೊತ್ತು ಒಂದು ದಿನವೂ ತಪ್ಪದೆ ಆಫೀಸಿನಲ್ಲಿರಬೇಕೆಂಬ ಷರತ್ತಿನ ಮೇಲೆ. ನಿವೃತ್ತಿಯವರೆಗೂ ಆ ತಾಯಿ ಸತ್ಯಮಂಗಲದಿಂದ ಕೊಯಮತ್ತೂರಿಗೆ ಬಸ್ಸಿನಲ್ಲಿ ನೇತಾಡಿಕೊಂಡೇ ಓಡಾಡಿದರು. ಈಗ ನಮ್ಮೂರಿನ ಇನ್ನಿಬ್ಬರು ಹೆಣ್ಣುಮಕ್ಕಳು ಇದೇ ಕೆಲಸದಲ್ಲಿದ್ದಾರೆ.

ಅವರ ಋಣ ಎಂಥದ್ದೆಂದು ನನಗೆ ಗೊತ್ತಾದದ್ದು ಮೇಡಂ ಬಂದುಹೋದ ಆ ವರ್ಷವೇ, ಮಗಳು ಜಗಲಿಯ ಕಂಬ ಬಿಟ್ಟು ಮೊದಲ ಹೆಜ್ಜೆ ಇಟ್ಟಾಗ. ಕರೆಯಲ್ಲಿದ್ದ ರೈತನಿಗೆ “ಒಂದು ಗಳಿಗೆ ಇರಿ ಅಣ್ಣ” ಎಂದು ಕಣ್ತುಂಬ ನೋಡಿದೆ. ಆಮೇಲೆ ತಡೆಯಲಾರದೆ ಮೇಡಂಗೆ ಫೋನ್ ಮಾಡಿ ಒಂದೇ ಉಸಿರಿಗೆ ಹೇಳಿಬಿಟ್ಟೆ.

“ಕೆಲಸದ ಹೊತ್ತಲ್ಲಿ ಇದೇನು ಮಾತು?” ಎಂದು ಗದರಿದರು. ಫೋನ್ ಇಡಬೇಕು ಅನ್ನುವಷ್ಟರಲ್ಲಿ ದನಿ ತಗ್ಗಿತು.

“ನನ್ನ ಮಗ ನಡೆದದ್ದನ್ನ ನಂಗೆ ಪಕ್ಕದ್ಮನೆಯವರು ಹೇಳಿದ್ರು ಕಣೆ. ಇರು, ಇನ್ನೊಂದ್ಸಲ ನಿಧಾನವಾಗಿ ಹೇಳು. ಯಾವ ಕಾಲು ಮುಂದಿಟ್ಟಳು?”