ಬೆಳಕಿಂಡಿಗೆ ಬಡಿದ ತಗಡು

ತಗಡಿನ ಮೇಲೆ ಮಳೆ ಬೀಳುವ ಸದ್ದು ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಗಬ್ಬೂರಿನ ನಮ್ಮ ಮನೆಯ ಮಾಳಿಗೆಗೆ ತಗಡು ಬಡಿದವನು ನಮ್ಮ ಕಾಕಾ. ಬಡಿಯುವಂತೆ ಮಾಡಿದ್ದು ನನ್ನ ನಾಲಗೆ. ಊರಲ್ಲಿ ನಾನು ಅಣಕಿಸದೆ ಬಿಟ್ಟವರಿರಲಿಲ್ಲ. ಪಟೇಲನ ಕೆಮ್ಮು, ಮಾಸ್ತರರ ಸೀನು ಎಲ್ಲ ಮುಗಿದ ಮೇಲೆ, ಛಡಿ ಏಟು ತಿಂದು ನಾನೇ ಹೇಗೆ ಅಳುತ್ತೇನೆಂದು ಅತ್ತು ತೋರಿಸಿ ನಗಿಸುತ್ತಿದ್ದೆ. ಅಂಥ ನಾಲಗೆ ಒಂದು ದಿನ ಆಯಿಯನ್ನು, ಅಂದರೆ ಅಪ್ಪನನ್ನೂ ಕಾಕಾನನ್ನೂ ಹೆತ್ತವಳನ್ನು, ಅಣಕಿಸಿತು.

ಮಣ್ಣಿನ ಮಾಳಿಗೆಗೆ ಬೆಳಕಿಗೆಂದು ಬಿಟ್ಟ ಕಿಂಡಿ ನಿಮ್ಮ ಮನೆಯಲ್ಲೂ ಇದ್ದಿರಬೇಕು. ಮೋಡ ಕಟ್ಟಿದರೆ ಎಲ್ಲರೂ ಓಡಿಹೋಗಿ ಅದರ ಮೇಲೆ ಚಪ್ಪಡಿ ಎಳೆಯುವರು. ನಮ್ಮಲ್ಲಿ ಮಾತ್ರ, ಗುಬ್ಬಿಗಳು ಒಳಗೆ ಬಂದ ಮೇಲೆಯೇ ಎಳೆಯಬೇಕು ಎಂಬುದು ಆಯಿಯ ಕಟ್ಟಳೆ. ಬೇರೆ ಹಕ್ಕಿಗಳಿಗೆ ತಮ್ಮ ತಮ್ಮ ಉಪಾಯಗಳಿದ್ದವು. ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗ ಮಳೆಗಾಳಿ ಬಡಿಯದ ಮೂಡಣ ಮಗ್ಗುಲಿಗೇ ಗೂಡು ನೇಯುತ್ತಿತ್ತು. ತೂಗಾಟ ಕಡಿಮೆಯಾಗಲೆಂದೋ ಏನೋ, ಒಳಗೆ ಹಸಿಮಣ್ಣು ಮೆತ್ತುತ್ತಿತ್ತು. ಬೆಳವ ಗಾಳಿಗೆ ಎದೆಕೊಟ್ಟೇ ಕೂರುತ್ತಿತ್ತು, ಬೆನ್ನು ಕೊಟ್ಟರೆ ಗರಿ ಎದ್ದು ಚರ್ಮಕ್ಕೆ ನೀರಿಳಿಯುತ್ತದೆಂದು. ಚಳಿಯಲ್ಲಿ ಕಾಗೆ ಕೊರಳನ್ನು ಒಳಗೆಳೆದು, ಮೈ ಉಬ್ಬಿಸಿ, ಥೇಟ್ ಶಾಲು ಹೊದ್ದ ನಮ್ಮ ಕಾಕಾ. ಗುಬ್ಬಿಗೆ ಮಾತ್ರ ಮನುಷ್ಯರ ಮನೆಯೇ ಗತಿ. ಆಯಿ ಕಿಂಡಿಯ ಕೆಳಗೆ ನಿಂತು, ಜೋಳದ ನುಚ್ಚು ಚೆಲ್ಲಿ, ನೆಂಟರನ್ನು ಕರೆದಂತೆ ಕರೆಯುವಳು: "ಬರ್ರೀ ಯವ್ವಾ, ಲಗೂನ ಬರ್ರಿ, ಮಳಿ ಬರಾಕತ್ತದ." ಅವು ಬಂದು ಜಂತಿಯ ಮೇಲೆ ಒಂದಕ್ಕೊಂದು ಒತ್ತಿ ಕೂತರೆ, ಒದ್ದೆ ಗರಿಯ ವಾಸನೆ ಒಲೆಯ ಹೊಗೆಯೊಡನೆ ಬೆರೆತು ಪಡಸಾಲೆಯೆಲ್ಲ ಬೆಚ್ಚಗಾಗುತ್ತಿತ್ತು.

ಕಾಕಾ ರಾಯಚೂರಿನ ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದ. ಬಾಯಿ ತೆರೆದರೆ ಎರಡೇ ಮಾತು: ಒಂದು "ಇಂತಜಾಮು", ಅಂದರೆ ಬಂದೋಬಸ್ತು, ಇನ್ನೊಂದು "ನಾ ಗೂಗಲ್ಲಿನ ದೇವರ ಗುಡಿಯಾಗ ಹುಟ್ಟಿದಾಂವ". ತುಂಬು ಬಸುರಿ ಆಯಿ ಹೊಳೆದಂಡೆಯ ಆ ಗುಡಿಗೆ ನಡೆದುಹೋಗಿದ್ದಳಂತೆ. ಒಮ್ಮೆ ಜಿನ್ನಿನ ಸಾವಕಾರರನ್ನು ಊಟಕ್ಕೆ ಕರೆತಂದ. ನಾನು ಸೆರಗಿನಂತೆ ಟವೆಲು ಹೊದ್ದು, ಸೊಂಟ ಬಗ್ಗಿಸಿ, "ಬರ್ರೀ ಯವ್ವಾ" ಎಂದು ಕಿಂಡಿಯತ್ತ ಕೈಚಾಚಿದೆ. ಸಾವಕಾರರು ತುತ್ತು ನೆತ್ತಿಗೇರುವಷ್ಟು ನಕ್ಕರು. "ಏನ್ರೀ, ಗುಬ್ಬಿಗೋಳ ಕೂಡ ಬೀಗತನಾ ಮಾಡೀರೇನು?" ಕಾಕಾನ ಮುಖ ಕಪ್ಪಿಟ್ಟಿತು. ಯುದ್ಧ ಮುಗಿದ ಹೊಸತು, ತಗಡು ಸಿಗುವುದೇ ಅಪರೂಪ. ಆದರೂ ಮುಂದಿನ ವಾರವೇ ಎಲ್ಲಿಂದಲೋ ಒಂದನ್ನು ಹೊತ್ತು ತಂದು ಕಿಂಡಿಗೆ ಬಡಿದ. "ಪಕ್ಕಾ ಇಂತಜಾಮು!"

ಮುಂಗಾರಿಗೆ ಮುಂಚಿನ ಆನೆಕಲ್ಲು ಮಳೆ ಸಂಜೆಗೆ ಬಂತು. ತಗಡಿನ ಮೇಲೆ ಮೊದಲು ಕೇಳಿದ್ದು ಕಲ್ಲಲ್ಲ, ಕೊಕ್ಕು. ಟಕ್ ಟಕ್ ಟಕ್.

"ತೆಗಿಯೋ, ಬಂದಾವು," ಎಂದಳು ಆಯಿ.

"ಬಡದ ತಗಡಾ ಈಗ ಹೆಂಗ ಕೀಳ್ಲಿ ಬೇ? ಎಲ್ಯಾರ ಕುಂಡ್ರತಾವ ಬಿಡು," ಎಂದ ಕಾಕಾ.

ಆಯಿ ತಲೆಬಾಗಿಲು ತೆರೆದು ಕೂಗಿದಳು. ಗಾಳಿ ಒಳಗೆ ಬಂತು, ಕಲ್ಲು ಒಳಗೆ ಬಂದವು, ಒಂದು ಗುಬ್ಬಿಯೂ ಬರಲಿಲ್ಲ. ಅವುಗಳಿಗೆ ಗೊತ್ತಿದ್ದ ದಾರಿ ಕಿಂಡಿಯೊಂದೇ. ಆಮೇಲೆ ಕಲ್ಲಿನ ಸದ್ದಿನಲ್ಲಿ ಕೊಕ್ಕಿನ ಸದ್ದು ಮುಳುಗಿಹೋಯಿತು.

ಬೆಳಿಗ್ಗೆ ಮಾಳಿಗೆ ಹತ್ತಿದರೆ, ತಗಡಿನ ಅಂಚಿಗೆ ಅವು ಜಂತಿಯ ಮೇಲೆ ಕೂರುತ್ತಿದ್ದಂತೆಯೇ ಒತ್ತಿಕೊಂಡು ಬಿದ್ದಿದ್ದವು. ಸಾವಕಾರರ ನಗೆ, ಕಾಕಾನ ಮರ್ಯಾದೆ, ನನ್ನ ಹಾಳು ನಾಲಗೆ! ಯಾವುದನ್ನು ಮೊದಲು ಬೈಯಬೇಕೆಂದು ನನಗೆ ಇನ್ನೂ ತಿಳಿದಿಲ್ಲ. ಆ ಮಾಳಿಗೆ ಈಗ ಮಣ್ಣುದಿಬ್ಬ. ಕಾಕಾನೂ ಇಲ್ಲ, ಆಯಿಯೂ ಇಲ್ಲ, ಸಿಟ್ಟೊಂದೇ ಉಳಿದಿದೆ. ತಗಡು ಅಂದೇ ಇಳಿಯಿತು. ಆದರೆ ಆ ಮಳೆಗಾಲವೆಲ್ಲ ನಮ್ಮ ಜಂತಿ ಬರಿದಾಗಿಯೇ ಇತ್ತು.

ತಗಡನ್ನು ಇಳಿಸಿದ್ದು ಆಯಿಯ ಮಾತು. ಸತ್ತ ಗುಬ್ಬಿಗಳನ್ನು ಉಡಿಯಲ್ಲಿ ತುಂಬಿಕೊಂಡು ಅವಳು ಕೆಳಗಿಳಿದಾಗ ಕಾಕಾ ಗೊಣಗಿದ: "ಗುಬ್ಬಿ ಸಲುವಾಗಿ ಇಷ್ಟ್ಯಾಕ ಅಳ್ತಿ ಬೇ? ಮನ್ಯಾಗ ಒಂದರೆ ಹನಿ ಬಿದ್ದದೇನು ನೋಡು."

ಆಯಿ ಕಣ್ಣೊರೆಸಿಕೊಳ್ಳಲೂ ಇಲ್ಲ.

"ಗುಡಿಯಾಗಲ್ಲೋ ನೀ ಹುಟ್ಟಿದ್ದು. ಗುಡಿ ತನಕಾ ನಾ ಮುಟ್ಟಲೇ ಇಲ್ಲ. ಇಂಥಾದ ಮಳ್ಯಾಗ, ಹೊಳಿ ದಂಡ್ಯಾಗ, ಅಂಬಿಗರಾಕಿ ಗುಡಿಸಲದ ತಟ್ಟಿ ತೆಗದು ಬ್ಯಾನಿ ತಿನ್ನಾಕತ್ತಿದ್ದ ನನ್ನ ಒಳಗ ಕರಕೊಂಡ್ಲು. ಆಕಿನೂ ತಗಡಾ ಬಡಕೊಂಡು ಕುಂತಿದ್ರ, ಇವತ್ತ ತಗಡಾ ಬಡ್ಯಾಕ ನೀ ಇರ್ತಿದ್ದಿಲ್ಲ."