ಕೇಕಿನ ಮೇಲೆ ಯಾವ ದೇಶ?

ನಾವು ವಲಸೆ ಬಂದ ಬ್ರ್ಯಾಂಪ್ಟನ್ನಿನಲ್ಲಿ ಹೊಸಬರ ಪರಿಚಯವಾದಾಗ "ಯಾವ ದೇಶದವರು?" ಎಂದು ಕೇಳುವುದು ಚಳಿಯ ಬಗ್ಗೆ ಮಾತಾಡಿದಷ್ಟೇ ನಿರಪಾಯ ಎಂದು ನಾನು ನಂಬಿದ್ದೆ. ಅಥೆನ್ಸ್ ಒಲಿಂಪಿಕ್ಸ್ ನಡೆದ ಬೇಸಿಗೆಯಲ್ಲಿ ಆ ನಂಬಿಕೆ ಕೈಕೊಟ್ಟಿತು.

ಪಕ್ಕದ ಮನೆಯ ಲಿನ್ ದಂಪತಿ ತೈವಾನಿನವರು. ಅವರ ನಾಡಿನ ಹುಡುಗಿಯೊಬ್ಬಳು ಟೇಕ್ವಾಂಡೋ ಫೈನಲ್ ತಲುಪಿದಳೆಂದು ನನ್ನನ್ನೂ ಹೆಂಡತಿ ಶೈಲಜಳನ್ನೂ ಕರೆದು ಬೇಸ್‌ಮೆಂಟಿನ ದೊಡ್ಡ ಟೀವಿಯ ಮುಂದೆ ಕೂರಿಸಿದರು. ಹುಡುಗಿ ಗೆದ್ದಳು. ಆ ನಾಡಿಗೆ ಒಲಿಂಪಿಕ್ಸಿನಲ್ಲಿ ಅದೇ ಮೊದಲ ಚಿನ್ನ. ಪರದೆಯ ಮೇಲೆ ಮಾತ್ರ 'ಚೈನೀಸ್ ತೈಪೆ' ಎಂದಿತ್ತು.

"ತೈಪೆ ಅಂದರೆ ಊರಲ್ಲವೆ?" ಎಂದೆ.

ಗಂಡ, ಲಿನ್, ತಾಳ್ಮೆಯಿಂದ ಹೇಳಿದರು: "ಕ್ರೀಡೆಯವರಿಗೆ ನಾವು ಚೈನೀಸ್ ತೈಪೆ. ವ್ಯಾಪಾರ ಸಂಸ್ಥೆಯಲ್ಲಿ 'ಪ್ರತ್ಯೇಕ ಸುಂಕ ಪ್ರದೇಶ'. ಆರೋಗ್ಯ ಸಂಸ್ಥೆಯಲ್ಲಿ ಕುರ್ಚಿಯೇ ಇಲ್ಲ. ಸಾರ್ಸ್ ಸೋಂಕು ಬಂದಾಗಲೂ ಬಾಗಿಲ ಹೊರಗೇ. ನನ್ನ ಹಳೆಯ ಪಾಸ್‌ಪೋರ್ಟಿನಲ್ಲಿ ರಿಪಬ್ಲಿಕ್ ಆಫ್ ಚೈನಾ."

"ಹಾಗಾದರೆ ನೀವು ಚೀನಾದವರು," ಎಂದು ತೀರ್ಪು ಕೊಟ್ಟೆ.

ಲಿನ್ ಟೀವಿಯತ್ತ ತಿರುಗಿಕೊಂಡರು. ಶೈಲಜ ನನ್ನ ತೋಳು ಚಿವುಟಿದಳು. ಅವಳದು ಬೆಳಗಾವಿ. ಮೈಸೂರಿನಲ್ಲಿ ಬೆಳೆದ ನನಗೆ ಊರಿನ ಹೆಸರಿಗಾಗಿ ಜಗಳವಾಡುವ ಪ್ರಸಂಗವೇ ಬಂದಿರಲಿಲ್ಲ.

"ಬೆಳಗಾವಿ ಯಾವ ರಾಜ್ಯದ್ದು ಅಂತ ಯಾರರೆ ಕೇಳಿದ್ರ ನನಗ ಹೆಂಗ ಆಗ್ತದ, ಗೊತ್ತದ ಇಲ್ಲೋ?" ಎಂದಳು ಮೆಲ್ಲಗೆ. "ಸುಮ್ನ ಕೂಡ್ರಿ."

ಪದಕ ಕೊಡುವಾಗ ಮೇಲೇರಿದ್ದು ಅವರ ಬಾವುಟವಲ್ಲ, ಒಲಿಂಪಿಕ್ಸಿಗೆಂದೇ ಮಾಡಿಸಿದ ಬೇರೊಂದು. ಬಾವುಟದ ಹಾಡಿನ ವಾದ್ಯ ಕೇಳಿದೊಡನೆ ಲಿನ್ ಎದ್ದು ನಿಂತು, ಶಾಲೆಯಲ್ಲಿ ಕಲಿತ ಸಾಲುಗಳನ್ನು ಸಣ್ಣ ದನಿಯಲ್ಲಿ ಹಾಡಿದರು. ಅವರ ಹೆಂಡತಿ ಏಳಲಿಲ್ಲ.

"ಆ ಹಾಡು ಇವರಪ್ಪ ಯುದ್ಧ ಸೋತ ಸರ್ಕಾರದ ಜೊತೆ ಚೀನಾದಿಂದ ಹಡಗಿನಲ್ಲಿ ತಂದದ್ದು," ಎಂದರು ಆಕೆ. "ನಮ್ಮ ಮುತ್ತಜ್ಜಿ ಅದಕ್ಕಿಂತ ಮೊದಲೇ ತೈವಾನಿನಲ್ಲಿದ್ದಳು. ನನ್ನದು ತೈವಾನ್. ಅಷ್ಟೆ."

ಆಕೆಯ ಕಣ್ಣೂ ಒದ್ದೆಯಾಗಿತ್ತು. ವ್ಯಾಜ್ಯವಿರುವುದು ದೇಶ ದೇಶಗಳ ನಡುವೆ ಎಂದುಕೊಂಡಿದ್ದೆ. ಅದು ಇದೇ ಸೋಫಾದ ಮೇಲೂ ಇತ್ತು. ಯಾರನ್ನು ಅಭಿನಂದಿಸಬೇಕು, ಯಾರನ್ನು ಸಂತೈಸಬೇಕು ತಿಳಿಯದೆ ಇಬ್ಬರಿಗೂ ಥ್ಯಾಂಕ್ಸ್ ಹೇಳಿ ಬಂದೆ.

ಮರುದಿನ ಶೈಲಜ ಅವರಿಗೆಂದು ಕೇಕು ತರಲು ನನ್ನನ್ನು ಕಳಿಸಿದಳು. "ಮೇಲೆ ಏನು ಬರೆಯಲಿ?" ಎಂದಳು ಬೇಕರಿಯ ಹುಡುಗಿ. ಜಗತ್ತಿನ ರಾಯಭಾರಿಗಳು ಕೋಟು ತೊಟ್ಟು ವರ್ಷಗಟ್ಟಲೆ ಎಳೆದಾಡಿದ ಪ್ರಶ್ನೆ, ಚಪ್ಪಲಿಯಲ್ಲಿ ಬಂದ ನನ್ನ ತಲೆಯ ಮೇಲೆ ಬಿತ್ತು. 'ತೈವಾನ್' ಗಂಡನಿಗೆ ಸಾಲದು, 'ರಿಪಬ್ಲಿಕ್ ಆಫ್ ಚೈನಾ' ಹೆಂಡತಿಗೆ ಸಲ್ಲದು, 'ಚೈನೀಸ್ ತೈಪೆ' ಇಬ್ಬರಿಗೂ ಬೇಡ. ಹಿಂದೆ ಕ್ಯೂ ಬೆಳೆಯಿತು. ಮನೆಗೆ ಫೋನ್ ಮಾಡಿದೆ.

"ದೇಶ ಯಾಕ ಬೇಕ್ರಿ?" ಎಂದಳು ಶೈಲಜ. "'ನಿಮ್ಮ ಹುಡುಗಿ ಗೆದ್ದಳು' ಅಂತ ಬರಸ್ರಿ."

ಕೇಕು ಒಯ್ದು ಕೊಟ್ಟಾಗ ಲಿನ್ ಅದನ್ನು ಗಟ್ಟಿಯಾಗಿ ಓದಿದರು. ಅವರ ಹೆಂಡತಿ ಚಾಕು ತಂದರು. "ಹೌದು, ನಮ್ಮ ಹುಡುಗಿ," ಎಂದರು ಇಬ್ಬರೂ. ಮೊದಲ ತುಂಡು ಮುಗಿಯುವ ಮೊದಲೇ ಅವರಿಬ್ಬರ ನಡುವೆ ಅವರ ಭಾಷೆಯಲ್ಲಿ ಏನೋ ಬಿರುಸಿನ ಚರ್ಚೆ ಎದ್ದಿತು. ನನಗೆ ತಿಳಿದದ್ದು 'ತೈಪೆ' ಎಂಬ ಒಂದೇ ಮಾತು. ಏನು ವಿಷಯವೆಂದು ಕೇಳಲು ಬಾಯಿ ತೆರೆದವನು, ತಟ್ಟೆ ಚಾಚಿ ಇನ್ನೊಂದು ತುಂಡು ಕೇಳಿದೆ.