ಜಗ್ಗಿ ನೋಡದ ಬೀಗ

…ಅಥವಾ ಪಕ್ಕದ ಮನೆಯ ಹಿರಿಯ ನೇಕಾರರು ತಮ್ಮ ಟ್ರಂಕಿನ ಬೀಗ ಜಗ್ಗಿದ್ದು ಮೂರು ಸಲವಲ್ಲ, ಎರಡೇ ಸಲವೋ ಏನೋ. ಮೂರು ಎಂದರೆ ಕತೆಯ ಹಾಗೆ ಕೇಳಿಸುತ್ತದೆ, ಅದಕ್ಕೇ ಅನುಮಾನ. ಜಗ್ಗಿದ್ದಂತೂ ನಿಜ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಸೀರೆ ನೇಯುವವರೆಲ್ಲ ಹಾಗೇ. ಹೊಸ ಅಂಚಿನ ನಕ್ಷೆ ಬರೆದ ಕಾಗದವನ್ನು ಟ್ರಂಕಿನಲ್ಲಿಟ್ಟು, ಬೀಗ ಹಾಕಿ, ಜಗ್ಗಿ ನೋಡದೆ ಮನೆ ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಅದೇ ಬೀದಿಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಪರ ಊರಿನ ವ್ಯಾಪಾರಿಗಳು ಕೂತಲ್ಲೇ ನೋಡಲೆಂದು ನೇಕಾರರ ನಕ್ಷೆಗಳನ್ನು ವೆಬ್‌ಸೈಟಿಗೆ ಹಾಕುತ್ತಿದ್ದೆ. ಒಬ್ಬೊಬ್ಬ ವ್ಯಾಪಾರಿಗೂ ಒಂದೊಂದು ಪಾಸ್‌ವರ್ಡ್. ಎಲ್ಲವನ್ನೂ ತೆರೆಯುವ ನನ್ನದು ಮಾತ್ರ ಸಾಫ್ಟ್‌ವೇರ್ ಬಂದಾಗ ಹೇಗಿತ್ತೋ ಹಾಗೇ ಉಳಿದಿತ್ತು: ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಮೊದಲು ಇದನ್ನು ಬದಲಿಸಿ ಎಂದು ಕೈಪಿಡಿಯ ಮೊದಲ ಪುಟದಲ್ಲೇ ಇತ್ತಂತೆ. ಮೊದಲ ಪುಟ ಓದುವವರು ಕೆಲಸ ಬಾರದವರು ಎಂದುಕೊಂಡಿದ್ದ ನಾನು ಎರಡನೆಯದರಿಂದ ಶುರುಮಾಡಿದ್ದೆ.

ಆ ಹಿರಿಯ ನೇಕಾರರು ಹುಣಸೆ ಎಲೆ ಅಂಚಿನ ನಕ್ಷೆ ತಂದರು, ನಾನು ಅದನ್ನೂ ವೆಬ್‌ಸೈಟಿಗೆ ಹಾಕಿದೆ. ಗೌರಿ ಹಬ್ಬಕ್ಕೆ ಅವರ ಮಗ್ಗಗಳೆಲ್ಲ ಆ ಒಂದೇ ಅಂಚನ್ನು ನಂಬಿಕೊಂಡಿದ್ದವು.

“ಬೀಗ ಹಾಕಿದೀಯಾ ತಾನೇ?”

“ಹಾಕಿದೀನಿ ಅಣ್ಣ.”

“ಜಗ್ಗಿ ನೋಡಿದ್ಯೇನಪ್ಪಾ?”

“ಕಂಪ್ಯೂಟರ್ ಬೀಗ ಜಗ್ಗೋಕಾಗಲ್ಲ ಅಣ್ಣ.”

“ಜಗ್ಗೋಕಾಗ್ದೇ ಇರೋದು ಬೀಗ ಹೆಂಗಾಯ್ತದೆ?”

ನಾನು ನಕ್ಕೆ. ನಗಲಿಲ್ಲ ಎಂದು ನೆನಪಿಸಿಕೊಳ್ಳಲು ಬಹಳ ಸಲ ಪ್ರಯತ್ನಿಸಿದ್ದೇನೆ.

ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಚೌಕದ ಅಂಗಡಿಯಲ್ಲಿ ಬೇರೆಯವರು ನೇಯ್ದ ಸೀರೆ ತೂಗಾಡಿತು. ಅದೇ ಹುಣಸೆ ಎಲೆ. ಇವರ ಮಗ್ಗದಿಂದ ಇನ್ನೂ ಒಂದು ಸೀರೆಯೂ ಇಳಿದಿರಲಿಲ್ಲ. ಹಿರಿಯರು ನೇರ ನನ್ನ ಅಂಗಡಿಗೆ ಬಂದರು.

“ತೆಗಿ ನೋಡೋಣ, ನಿನ್ ಬೀಗ.”

ಅವರ ಎದುರಿಗೇ ಟೈಪು ಮಾಡಿದೆ. ತೆರೆಯಿತು.

“ಈ ಕೀ ಯಾರ್ ಯಾರ್ ಹತ್ರ ಐತೆ?”

“ಈ ಸಾಫ್ಟ್‌ವೇರ್ ತಗೊಂಡೋರ್ಗೆಲ್ಲ ಇದೇ ಬಂದಿರುತ್ತೆ ಅಣ್ಣ.”

“ನಮ್ ಟ್ರಂಕಿನ್ ಕೀ ನಮ್ಮನೆಯೋಳ್ಗೂ ಕೊಟ್ಟಿಲ್ಲ ಕಣಪ್ಪಾ. ನೀನು ದೇಶಕ್ಕೇ ಹಂಚ್ಬಿಟ್ಟಿದೀಯ!”

“ನಾನ್ ಹಂಚ್ಲಿಲ್ಲ. ಮೊದ್ಲಿಂದ್ಲೂ ಹಂಗೇ ಇತ್ತು.”

“ಮೊದ್ಲಿಂದ್ಲೂ ತೆಗ್ದಿರೋ ಬಾಗ್ಲು ಹಾಕ್ಲಿ ಅಂತಲ್ವಾ ನಿನ್ ಹತ್ರ ಬಂದಿದ್ದು? ಹೋಗ್ಲಿ, ಒಳಗ್ ಯಾರ್ ಬಂದಿದ್ರು, ಅದ್ನಾದ್ರೂ ಹೇಳು.”

ಯಾರು ಯಾವಾಗ ಒಳಹೊಕ್ಕರೆಂದು ಬರೆದಿಡುವ ಏರ್ಪಾಡೂ ಆ ಸಾಫ್ಟ್‌ವೇರಿನಲ್ಲಿತ್ತು. ನಾವಾಗಿಯೇ ಶುರುಮಾಡಬೇಕಿತ್ತು, ಅಷ್ಟೆ. ಅದನ್ನೂ ನಾನು ಮುಟ್ಟಿರಲಿಲ್ಲ.

ಅವರು ಎದ್ದು ಹೋದರು. ಆ ಹಬ್ಬಕ್ಕೆ ಹಳೆಯ ಅಂಚನ್ನೇ ನೇಯ್ದರು. ನಾನು ಅವತ್ತೇ ಪಾಸ್‌ವರ್ಡ್ ಬದಲಿಸಿದೆ, ಬದಲಿಸಿ ಒಮ್ಮೆ ಜಗ್ಗಿಯೂ ನೋಡಿದೆ: ‘ಅಡ್ಮಿನ್’ ಎಂದರೆ ತೆರೆಯಲಿಲ್ಲ.

ಬೀದಿಯ ತುದಿಯಲ್ಲಿ ಹುಣಸೆ ಮರವೊಂದಿತ್ತು. ಅದರ ಎಲೆ ನೋಡಲು ಯಾವ ಪಾಸ್‌ವರ್ಡೂ ಬೇಡ. ಚೌಕದ ಸೀರೆ ನೇಯ್ದವರೂ ಅದನ್ನು ನೋಡಿಯೇ ನೇಯ್ದಿರಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ, ಆ ಹಿರಿಯರಿಗೆ ಹೇಳುವ ಧೈರ್ಯ ಬರಲಿಲ್ಲ. ನಕ್ಷೆ ನನ್ನ ಬಾಗಿಲಿನಿಂದ ಹೋಯಿತೋ ಇಲ್ಲವೋ, ನನಗೆ ಗೊತ್ತಿಲ್ಲ.